ಸಗಣಿ ಅಂಗಳದ ಕ್ರೋಕೆ

ಬಿಜೂರಿನ ಸರಸ ಶೆಡ್ತಿ ಅಂಗಳ ಮಾಡಿದರೆ ಅದರಲ್ಲಿ ಸಾಸಿವೆ ಚೆಲ್ಲಿ ಹೆಕ್ಕಬಹುದಿತ್ತು. ಮಳೆ ಬಿಟ್ಟು ದೀಪಾವಳಿ ಹತ್ತಿರ ಬಂದರೆ ಸಾಕು, ನೆಲ ಕೆತ್ತಿ, ನೀರು ಹೊಯ್ದು, ಮರದ ಹಲಗೆಯಿಂದ ನಾಲ್ಕು ದಿನ ಬಡಿಯುವಳು. ಮೇಲೆ ಸಗಣಿಗೆ ತೆಂಗಿನ ಚಿಪ್ಪಿನ ಮಸಿ ಕಲಸಿ ಅಡಕೆ ಹಾಳೆಯಲ್ಲಿ ಬಳಿಯುವಳು. ಒಣಗಿದ ಮೇಲೆ ಕಾಣಬೇಕು! ಹೊಸ ಸ್ಲೇಟಿನ ಹಾಗೆ ಕಪ್ಪಗೆ, ನುಣ್ಣಗೆ. ಬಡಿದ ಭತ್ತದ ಒಂದು ಕಾಳೂ ಮಣ್ಣಿಗೆ ಕಚ್ಚುತ್ತಿರಲಿಲ್ಲ.

ಅಂಥ ಅಂಗಳಕ್ಕೆ ೧೯೫೬ರಲ್ಲಿ ಅವಳ ಗಂಡ ಚಂದಯ್ಯ ಶೆಟ್ಟರು ಹಾರೆ ಹಿಡಿದು ಹದಿಮೂರು ತೂತು ಹೊಡೆದರು.

"ಹ್ವಾಯ್, ನಿಮ್ ಮಂಡೆ ಸಮ ಇತ್ತಾ?" ಸರಸ ಒಳಗಿಂದ ಓಡಿ ಬಂದಳು.

ಶೆಟ್ಟರು ಬೊಂಬಾಯಿಯ ಒಂದು ಕ್ಲಬ್ಬಿನಲ್ಲಿ ಇಪ್ಪತ್ತೆರಡು ವರ್ಷ ಹುಲ್ಲು ಕತ್ತರಿಸಿ ಆಗಷ್ಟೇ ಊರಿಗೆ ಬಂದಿದ್ದರು. ಕ್ಲಬ್ಬಿನವರು ಬೇಡವೆಂದು ಬಿಟ್ಟ ಒಂದು ಮರದ ಪೆಟ್ಟಿಗೆ ಅವರ ಜೊತೆಗೆ ಬಂದಿತ್ತು. ಅದರಲ್ಲಿ ಉದ್ದ ಹಿಡಿಯ ನಾಲ್ಕು ಕೊಡತಿ, ನಾಲ್ಕು ಬಣ್ಣದ ನಾಲ್ಕು ಗುಂಡು, ಆರು ಕಬ್ಬಿಣದ ಕಮಾನು, ಒಂದು ಗೂಟ. ಕೊಡತಿಯಲ್ಲಿ ಹೊಡೆದು ಗುಂಡನ್ನು ಕಮಾನುಗಳಲ್ಲಿ ಸಾಲಾಗಿ ನುಸುಳಿಸಿ, ಕೊನೆಗೆ ಗೂಟಕ್ಕೆ ತಾಗಿಸಬೇಕು. ಕಮಾನಿನೊಳಗೆ ಗುಂಡು ಹೊಕ್ಕರೆ ಪಕ್ಕದಲ್ಲಿ ಒಂದು ಕಾಗದ ತೂರಿಸಲು ಜಾಗ ಉಳಿದರೆ ಹೆಚ್ಚು.

"ಇದ್ ಕ್ರೋಕೆ, ಹೆಣೆ. ದೊರೆಗಳ್ ಆಟ."

"ನೀವ್ ಆಡಿದ್ರ್ಯಾ?"

"ನಾನಾ? ಹುಲ್ಲ್ ಕೊಯ್ದಾದ್ ಮೇಲೆ ಬೇಲಿ ಆಚೆ ನಿಲ್ಕ್ ನಾನ್. ಕಂಡದ್ದೇ ಸೈ."

ಆ ಮಾತು ಸರಸಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಈ ಮನುಷ್ಯ ಒಮ್ಮೆಯಾದರೂ ಬೇಲಿಯ ಈಚೆಗೆ ಬಂದು, ಹುಲ್ಲಿನ ಮೇಲೆ ನಿಂತು, ಕೊಡತಿ ಎತ್ತಬೇಕು. ಅದನ್ನು ತಾನು ಕಣ್ಣಾರೆ ಕಾಣಬೇಕು. ಬೇರೆ ಆಸೆ ಎಂದು ಅವಳು ಯಾವುದನ್ನೂ ಹೇಳಿಕೊಂಡವಳಲ್ಲ.

ಆಟ ಕಲಿಸಿದ್ದು ಶೆಟ್ಟರು, ಕಲಿತು ಮೀರಿದ್ದು ಸರಸ. ಭತ್ತ ಒಳಗೆ ಹೋದ ಮೇಲೆ ಅಂಗಳ ಖಾಲಿ. ಸಂಜೆಯಾದರೆ ನೆರೆಮನೆಯ ದೇವು ಹಾಜರು, ಅವನ ಹಿಂದೆ ಅರ್ಧ ಊರು. ಸರಸ ಜಗಲಿಯ ಮೂಲೆಯಿಂದ ಮೆಲ್ಲಗೆ ಒಂದು ಬಡಿದರೆ ಗುಂಡು ಹೊರಟಿತು ನೋಡಿ. ತುಳಸಿಕಟ್ಟೆಯ ಹತ್ತಿರ ಒಂದು ಕೂದಲಷ್ಟು ಬಾಗಿ, ಬಾವಿಯ ಬದಿಯ ಕಮಾನಿನೊಳಗೆ ಸದ್ದಿಲ್ಲದೆ ನುಸುಳುತ್ತಿತ್ತು. ತಾನೇ ಅಂಗೈಯಲ್ಲಿ ಸವರಿದ ನೆಲ; ಅದರ ಏರು ತಗ್ಗು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಕಂಡವರು ಉಸಿರು ಬಿಡಲು ಮರೆಯುತ್ತಿದ್ದರು.

"ಸರಸಕ್ಕ, ಗುಂಡಿಗ್ ಅನ್ನ ಹಾಕಿ ಸಾಕಿದ್ರ್ಯಾ?" ಎನ್ನುತ್ತಿದ್ದ ದೇವು, ಹನ್ನೆರಡು ವರ್ಷವೂ ಸೋತವನು.

ಹನ್ನೆರಡನೆಯ ವರ್ಷ, ೧೯೬೮ರಲ್ಲಿ, ಕುಂದಾಪುರದ ಹೊಳೆಬದಿಯ ಕ್ಲಬ್ಬಿನವರು ಹುಲ್ಲು ಬೆಳೆಸಿ ಜೋಡಿ ಕ್ರೋಕೆಯ ಪಂದ್ಯ ಇಟ್ಟರು. ಸರಸ ದೇವುವನ್ನು ಕಳಿಸಿ ಗಂಡನದೂ ತನ್ನದೂ ಹೆಸರು ಬರೆಸಿದಳು. ಎದುರಾಳಿಗಳು ಒಬ್ಬ ಡಾಕ್ಟರು, ಒಬ್ಬ ಎಸ್ಟೇಟ್ ಮ್ಯಾನೇಜರು. ಇಬ್ಬರದೂ ಬಿಳಿ ಪ್ಯಾಂಟು.

ಸರಸಳ ಮೊದಲ ಪೆಟ್ಟು. ಅಂಗಳದಲ್ಲಾದರೆ ಕಮಾನು ದಾಟುವಂಥದು. ಗುಂಡು ನಾಲ್ಕು ಮಾರು ಹೋಗಿ ನಿಂತೇಬಿಟ್ಟಿತು.

"ಅಯ್ಯೋ ಸರಸಕ್ಕ, ಗುಂಡ್ ದಾರಿಯಗೇ ಮನಿಕಂತಲೆ!" ದೇವು ಕೂಗಿದ. ಕುರ್ಚಿಯಲ್ಲಿದ್ದವರೆಲ್ಲ ನಕ್ಕರು.

ಆಗ ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಹನ್ನೆರಡು ವರ್ಷ ಆಡಿದ್ದು ಸಗಣಿಯ ಮೇಲೆ. ಹುಲ್ಲು ಗುಂಡಿನ ಕಾಲು ಹಿಡಿಯುತ್ತದೆ ಎಂಬುದು, ಹುಲ್ಲಲ್ಲೇ ಬದುಕು ಸವೆಸಿದ ಶೆಟ್ಟರಿಗೂ ಹೊಳೆದಿರಲಿಲ್ಲ!

ಸರದಿ ಮತ್ತೆ ಬಂದಾಗ ಸರಸ ಕುಕ್ಕರುಗಾಲಲ್ಲಿ ಕೂತು ಹುಲ್ಲನ್ನು ಅಂಗೈಯಿಂದ ಸವರಿದಳು.

"ಇದನ್ ಯಾವ್ ಬದಿಂದ ಕೊಯ್ದಿರ್, ಹೇಳಿ ಕಾಂಬ."

ಶೆಟ್ಟರು ಕಣ್ಣು ಕಿರಿದು ಮಾಡಿ ನೋಡಿದರು. "ಹೊಳೆ ಬದಿಂದ. ಹುಲ್ಲ್ ನಮ್ಮ್ ಬದಿಗ್ ಮಲ್ಗಿತ್. ಎದ್ರ್ ಹೊಡೂದಾರೆ ಇಮ್ಮಡಿ ಜೋರ್ ಬೇಕ್. ಅಡ್ಡ ಹೊಡೂದಾರೆ ಅಷ್ಟ್ ಬ್ಯಾಡ."

ಅಷ್ಟೇ ಬೇಕಾಗಿದ್ದದ್ದು. ಗಂಡ ಹುಲ್ಲು ಓದಿ ಹೇಳಿದ, ಹೆಂಡತಿ ಹೊಡೆದಳು. ವರ್ಷವರ್ಷವೂ ನೆಲ ಬಡಿದ ತೋಳು. ಈಗ ಕೊಡತಿ ಬಿದ್ದರೆ ಹೊಳೆಯಾಚೆಗೆ ಕೇಳುವ ಸದ್ದು. ಒಂದು ಕಮಾನು, ಎರಡು, ಮೂರು! ನಗುತ್ತಿದ್ದವರು ಕುರ್ಚಿಯ ತುದಿಗೆ ಸರಿದರು. ಮ್ಯಾನೇಜರು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು. ಶೆಟ್ಟರ ಗುಂಡನ್ನೂ ತನ್ನ ಗುಂಡಿನಿಂದ ಬಡಿದು ಬಡಿದು ಅವಳೇ ಕಮಾನು ದಾಟಿಸಿದಳು. ಜೋಡಿಯ ಸರದಿಗೆ ಇಬ್ಬರಲ್ಲಿ ಯಾರಾದರೂ ಹೊಡೆಯಬಹುದಿತ್ತು; ಶೆಟ್ಟರು ಇನ್ನೂ ಕೊಡತಿ ಎತ್ತಿಯೇ ಇರಲಿಲ್ಲ. ಹೊತ್ತು ಇಳಿಯುವಾಗ ಗಂಡಹೆಂಡಿರ ಎರಡೂ ಗುಂಡಿಗೆ ಗೂಟವೊಂದೇ ಬಾಕಿ. ಡಾಕ್ಟರ ಜೋಡಿಯದು ಒಂದು ಗುಂಡು ಗೂಟ ಮುಟ್ಟಿ ಮುಗಿದಿತ್ತು. ಇನ್ನೊಂದಕ್ಕೂ ಉಳಿದದ್ದು ಗೂಟವೇ.

ಸರದಿ ಸರಸಳದು. ಅವಳ ಗುಂಡು ಗಂಡನ ಗುಂಡಿಗೆ ತಾಗಿತು. ನಿಯಮದ ಪ್ರಕಾರ ಎರಡನ್ನೂ ಜೋಡಿಸಿಟ್ಟು ಹೊಡೆಯಬೇಕು. ಆಮೇಲೆ ಇನ್ನೊಂದು ಪೆಟ್ಟು. ಮೊದಲ ಪೆಟ್ಟಿಗೆ ಗಂಡನ ಗುಂಡನ್ನು ಗೂಟಕ್ಕೆ ತಾಗಿಸಿ, ಎರಡನೆಯದಕ್ಕೆ ತನ್ನದನ್ನು ತಾಗಿಸಿದರೆ ಪಂದ್ಯ ಮುಗಿಯಿತು. ಅವಳಿಗೆ ಅದು ಎಡಗೈಯ ಕೆಲಸ.

"ಮುಗ್ಸಿ ಬಿಡಿ ಸರಸಕ್ಕ!" ದೇವು ಎದ್ದೇ ನಿಂತ.

ಸರಸ ಹೊಡೆದಳು. ಗಂಡನ ಗುಂಡು ಗೂಟದಿಂದ ಎರಡು ಮಾರು ಈಚೆಗೇ ನಿಂತಿತು. ಎರಡನೆಯ ಪೆಟ್ಟಿಗೆ ತನ್ನ ಗುಂಡನ್ನು ಗೂಟಕ್ಕೆ ಬಡಿದು, ಕೊಡತಿ ಊರಿ ನಿಂತಳು.

"ಥೋ, ಎಂತ ಮಾಡ್ದೆ ಹೆಣೆ?" ಶೆಟ್ಟರು ಹತ್ತಿರ ಓಡಿ ಬಂದರು. "ಈಗ ಡಾಕ್ಟ್ರ್ ಹೊಡೀತ್ರ್!"

"ಹೊಡೀಲಿ. ನಿಮ್ಮ್ ಗುಂಡ್ ನೀವೇ ಹೊಡೀಕ್. ನಾ ಕಾಂಬುಕೆ ಬಂದದ್."

ಡಾಕ್ಟರು ಬಾಗಿ ಬಹಳ ಹೊತ್ತು ಗುರಿ ಹಿಡಿದರು. ಗುಂಡು ಓಡಿತು, ಓಡಿ, ಗೂಟದಿಂದ ಒಂದು ಬೆರಳು ಆಚೆಗೆ ದಾಟಿತು. ಸರಸಳ ಕೊಡತಿಯ ಹಿಡಿ ಬೆವರಿನಿಂದ ಒದ್ದೆಯಾಗಿತ್ತು.

ಚಂದಯ್ಯ ಶೆಟ್ಟರು ಮುಂಡು ಎತ್ತಿ ಕಟ್ಟಿ ಹುಲ್ಲಿನ ನಡುವೆ ಹೋಗಿ ನಿಂತರು. ಕೊಡತಿ ಮೇಲೆದ್ದಿತು. ಎಲ್ಲರ ಕಣ್ಣೂ ಗುಂಡಿನ ಮೇಲೆ. ಸರಸ ಮಾತ್ರ ಗುಂಡನ್ನು ನೋಡಲೇ ಇಲ್ಲ. ಹುಲ್ಲಿನೊಳಗೆ ಹುಗಿದಂತೆ ಊರಿ ನಿಂತ ಆ ಎರಡು ಬರಿಗಾಲನ್ನೇ ನೋಡುತ್ತಿದ್ದಳು. ಗೂಟಕ್ಕೆ ತಾಗಿದ ಸದ್ದು ಕಿವಿಗೆ ಬಿದ್ದ ಮೇಲೂ ಕಣ್ಣು ಕೀಳಲಿಲ್ಲ.