ಗಾಯಕನೇ ತಪ್ಪು ಹಾಡಿದ್ದಾನಂತೆ

ಗೆಳೆಯರೇ, ಇವತ್ತು ನಮ್ಮೂರು ಸುರೇಬಾನದಲ್ಲಿ ಪಕ್ಕದ ಮನೆಯ ಬಸುರಿ ಸೊಸೆಯ ಕುಬಸವಿತ್ತು. ಅವಳಿಗೆ ಇಷ್ಟವಾದ ಆಲ್ಬಮ್ ಹಾಡೊಂದನ್ನು ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಹಾಡಿದರು. ಹಾರ್ಮೋನಿಯಂ ನನ್ನದು. ಕಲಿಸಿದವಳೂ ನಾನೇ, ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಸ್ವರಲಿಪಿ ಪುಸ್ತಕ ನೋಡಿಕೊಂಡು. ಮೂಲ ಹಾಡನ್ನು ನಾನು ಸರಿಯಾಗಿ ಕೇಳಿರಲೇ ಇಲ್ಲ. ಪುಸ್ತಕವಿದೆಯಲ್ಲ ಎಂಬ ಧೈರ್ಯ.

ಹಾಡು ಮುಗಿದು ಚಪ್ಪಾಳೆ ಬಿತ್ತು. ಖುಷಿಯಾದ ಸೊಸೆಯ ಗಂಡ ಮೊಬೈಲಿನಲ್ಲಿ ಅದೇ ಹಾಡನ್ನು ಜೋರಾಗಿ ಹಚ್ಚಿದ. ಮೂರನೇ ಸಾಲಿಗೆ ನಾನು ಪುಸ್ತಕ ತೆರೆದು ನೋಡಿದೆ. ನಾವು ಕೆಳಗಿಳಿದ ಕಡೆ ಗಾಯಕ ಮೇಲೇರಿದ್ದ. ಪುಸ್ತಕದವನು ಸ್ವರವನ್ನೇ ತಪ್ಪು ಬರೆದಿದ್ದಾನೆ!

ನಾನು ಬಾಯಿ ಬಿಡುವ ಮೊದಲೇ ನಮ್ಮ ಗುಂಪಿನ ಹಿರಿಯರಾದ ಗಂಗವ್ವತ್ತಿ ಎದ್ದು ನಿಂತರು. "ಏ ತಮ್ಮಾ, ಬಂದ್ ಮಾಡ ಅದನ್ನ. ಅಂವ ತಪ್ಪ ಹಾಡಾಕ ಹತ್ಯಾನ."

"ಅತ್ತಿ, ತಪ್ಪ ನಮ್ದರಿ. ಪುಸ್ತಕದಾಗನ ತಪ್ಪ ಐತಿ," ಎಂದೆ.

"ಹಂಗ್ಯಾಕಂತಿ? ಅಷ್ಟ ಮ್ಯಾಲ ಹತ್ತಿದ್ರ ನಮ್ಮ ದನಿ ಒಡೀತೈತಿ. ಪುಸ್ತಕ ಬರದಾಂವಗ ನಮ್ಮ ಗಂಟಲ ಗೊತ್ತೈತಿ."

ನಾನು ಸೊಸೆಯ ಕಡೆ ತಿರುಗಿದೆ. "ನೀನರ ಹೇಳವಾ, ಯಾವ್ದು ಖರೆ?"

ಅವಳು ನಕ್ಕಳು. "ಖರೇ ಅಂದ್ರ ಮೊಬೈಲಿನ್ಯಾಗಿಂದರಿ ಅಕ್ಕಾರ. ಆದ್ರ ನಿಮ್ದ ಇನ್ನೊಮ್ಮೆ ಹಾಡ್ರಿ."

ಗಂಡ ಮೊಬೈಲ್ ಬಂದ್ ಮಾಡಿದ. ಮತ್ತೆ ಹಾಡಿದೆವು. ಮೂರನೇ ಸಾಲಿನಲ್ಲಿ ಒಬ್ಬರ ದನಿಯೂ ಒಡೆಯಲಿಲ್ಲ.

ಆ ಗಾಯಕ ನಿಮ್ಮಲ್ಲಿ ಯಾರಿಗಾದರೂ ಪರಿಚಯವಿದ್ದರೆ ಒಂದು ಮಾತು ತಿಳಿಸಿಬಿಡಿ: ಸುರೇಬಾನದಲ್ಲಿ ಹಾಡುವುದಾದರೆ, ಮೊದಲು ಪುಸ್ತಕ ನೋಡಿ ಕಲಿತುಕೊಂಡು ಬರಲಿ.