ಕುದಿಸಿದ ವಾಶರ್

ಅದು ಎಪ್ಪತ್ತನಾಲ್ಕರ ಡಿಸೆಂಬರ್. ನಾವು ಮುದ್ದೇಬಿಹಾಳದಲ್ಲಿ ಒಂದು ಮನೆಯ ಮಾಳಿಗೆಯ ಮೇಲೆ ಬಾಡಿಗೆಗೆ ಇದ್ದೆವು. ನನ್ನ ಯಜಮಾನರು ಆಲಮಟ್ಟಿಯ ಅಣೆಕಟ್ಟಿನ ಕೆಲಸದಲ್ಲಿ ಓವರ್‌ಸಿಯರ್. ಭಾನುವಾರ ಮಾತ್ರ ಮನೆಗೆ ಬರುತ್ತಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಲು ಟ್ರಂಕ್ ಕಟ್ಟಿಟ್ಟಿದ್ದೆ. ಅಷ್ಟರಲ್ಲಿ ಎಂಟನೆಯ ತಿಂಗಳಿಗೇ ಮಗಳು ಹುಟ್ಟಿಬಿಟ್ಟಳು.

ಅಂಗೈಯಷ್ಟು ಕೂಸು. ಸೂಲಗಿತ್ತಿ ನರ್ಸ್‌ಬಾಯಿ ಹೋಗುವಾಗ ಎರಡೇ ಮಾತು ಹೇಳಿದ್ದರು. "ಕೂಸಿನ ಮೈ ತಣ್ಣಗಾಗಾಕ ಬಿಡಬ್ಯಾಡ್ರಿ, ತಾಸಿಗೊಮ್ಮೆ ಬಿಸಿನೀರಿನ ಚೀಲ ಬದಲಿ ಮಾಡ್ರಿ. ಕೂಸಿಗೆ ಮುಟ್ಟೋದೆಲ್ಲಾ ಕುದಿಸ್ರಿ."

ಕುದಿಸುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಕಾನ್ವೆಂಟಿನಲ್ಲಿ ಹೈಜೀನ್ ಪಾಠಕ್ಕೆ ಯಾವಾಗಲೂ ಫಸ್ಟ್ ಬರುತ್ತಿದ್ದವಳು ನಾನು. ಚಮಚ, ಬಟ್ಟಲು, ಲಂಗೋಟಿ ಎಲ್ಲವನ್ನೂ ಕೆಳಗಿನ ಮನೆಯವರ ಒಲೆಯ ಮೇಲೆ ಸ್ಟರಿಲೈಸ್ ಮಾಡಿದೆ. ಹತ್ತನೆಯ ದಿನ ನಮ್ಮ ಹಿತ್ತಾಳೆಯ ಪಂಪ್ ಸ್ಟೋವ್ ಕಣ್ಣಿಗೆ ಬಿತ್ತು. ಸೀಮೆಎಣ್ಣೆ ಹಾಕುವಾಗಲೆಲ್ಲ ಅದರ ಮುಚ್ಚಳ ಮುಟ್ಟಿ, ಅದೇ ಕೈಯಿಂದ ಕೂಸನ್ನು ಮುಟ್ಟುತ್ತೇನಲ್ಲ ಎನಿಸಿತು. ಮುಚ್ಚಳವನ್ನೂ ಸೋಡಾ ಹಾಕಿದ ನೀರಿನಲ್ಲಿ ಅರ್ಧ ತಾಸು ಕುದಿಸಿ, ಬಿಸಿಲಿಗೆ ಇಟ್ಟು, ಫಳಫಳ ಹೊಳೆಯುವಂತೆ ಒರೆಸಿ ತಿರುಗಿಸಿದೆ.

ಮರುದಿನ ಬೆಳಗಿನ ಜಾವವೇ ಕೆಳಗಿನವರು ಮನೆಗೆ ಬೀಗ ಹಾಕಿ ಇಂಡಿಗೆ ಮದುವೆಗೆ ಹೋದರು. ಒಲೆ, ಕಟ್ಟಿಗೆ ಎಲ್ಲವೂ ಬೀಗದ ಒಳಗೆ. ಉಳಿದಿದ್ದವರು ನಾನು, ಕೂಸು ಮತ್ತು ಬಾಣಂತನಕ್ಕೆಂದು ಬಸವನ ಬಾಗೇವಾಡಿಯಿಂದ ಓಡಿ ಬಂದಿದ್ದ ನನ್ನ ಅತ್ತೆಯ ಅಕ್ಕ, ದೊಡ್ಡವ್ವ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮಡಿಯಲ್ಲೇ ಬದುಕು ಸವೆಸಿದ ಹೆಂಗಸು. ಚರ್ಮದ ಚೀಲ ಹಿಡಿದವರು ಹೊಸ್ತಿಲು ದಾಟಿದರೂ ನೆಲ ಒರೆಸುವವಳು.

ಎಂಟು ಗಂಟೆಗೆ ಸ್ಟೋವ್ ಹಚ್ಚಿದೆ. ನೀಲಿ ಉರಿ ಬಂತು, ಎರಡು ನಿಮಿಷ ಮೊರೆಯಿತು, ಆಮೇಲೆ ಹಳದಿಯಾಗಿ ಕುಗ್ಗಿತು. ಪಂಪ್ ಹೊಡೆದೆ. ಎದ್ದಿತು, ಮತ್ತೆ ಕುಗ್ಗಿತು. ಉರಿ ಬರುವ ತೂತಿಗೆ ಪಿನ್ ಹಾಕಿದೆ. ಪ್ರಯೋಜನವಿಲ್ಲ. ನೀರು ಉಗುರುಬೆಚ್ಚಗೂ ಆಗಲಿಲ್ಲ. ನಾನು ಪ್ಯಾನಿಕ್ ಆಗಿ ಹೊಡೆದೇ ಹೊಡೆದೆ. ದೊಡ್ಡವ್ವ ಕೂಸನ್ನು ಎದೆಗೆ ಅವಚಿಕೊಂಡು, "ಅಂಗಾಲು ತಣ್ಣಗ ಹತ್ತಾಕತ್ಯಾವು" ಎಂದಳು. ಅದರ ಅಳು ಕೂಡ ಬೆಕ್ಕಿನ ಮರಿಯ ದನಿಯಂತಾಗಿತ್ತು.

ಆಗ ಕೆಳಗೆ ಓಣಿಯಲ್ಲಿ ಸ್ಟೋವ್ ರಿಪೇರಿಯ ಹುಸೇನಸಾಬ ಸೈಕಲ್ ತಳ್ಳಿಕೊಂಡು ಹೋಗುವುದು ಕಂಡಿತು. ಐವತ್ತು ದಾಟಿದ ಮನುಷ್ಯ. ಕೂಗಿದೆ. ಬಾಣಂತಿ ಕೋಣೆ ಎಂದು ತಿಳಿದು ಅವನು ಮೆಟ್ಟಿಲ ತುದಿಯಲ್ಲೇ ಕುಳಿತ. ಸ್ಟೋವನ್ನು ಅಲ್ಲಿಗೇ ಒಯ್ದೆ.

"ಉರಿ ನೋಡಬ್ಯಾಡ್ರಿ ಬಾಯಾರ. ಗಾಳಿ ಯಾವ ಕಡೆ ಹೊಂಟೈತಿ ಅದನ್ನ ನೋಡೂಣು" ಎಂದ. ಉರಿ ಆರಿಸಿ, ನನ್ನ ಕೈಯಿಂದಲೇ ಪಂಪ್ ಹೊಡೆಸಿದ. "ಕೈಗೆ ಭಾರ ಹತ್ತತೈತಿ?"

"ಹತ್ತುತ್ತೆ."

"ಅಂದ್ರ ಪಂಪ್ ಚಲೋ ಐತಿ. ಈಗ ಕೈ ಬಿಡ್ರಿ. ಹಿಡಿಕಿ ತಾನ ಮ್ಯಾಲೆ ಏಳತೈತೇನು?"

ಏಳಲಿಲ್ಲ. "ಒಳಗಿನ ವಾಲ್ವೂ ಚಲೋ ಐತಿ. ಸಬಕಾರ ನೊರಿ ತರ್ರಿ."

ನಾನು ತಂದ ಸಾಬೂನಿನ ನೊರೆಯನ್ನು ಬೆರಳಿನಿಂದ ಬೆಸುಗೆಯ ಸುತ್ತ ಸವರಿದ. ಏನೂ ಇಲ್ಲ. ಮುಚ್ಚಳದ ಸುತ್ತ ಸವರಿದೊಡನೆ ಪುಟುಪುಟು ಗುಳ್ಳೆ ಎದ್ದವು. ಬಿಚ್ಚಿ ಒಳಗಿನ ವಾಶರ್ ತೆಗೆದು ನೆಲಕ್ಕೆ ತಟ್ಟಿದ. ಟಕ್ ಎಂದಿತು. ಹಪ್ಪಳದ ಹಾಗೆ ಸೆಟೆದು ಅಂಚು ಮುದುಡಿತ್ತು.

"ಹೋದ ತಿಂಗಳ ನಾನ ಹಾಕಿದ್ದು. ಏನ್ ಮಾಡೀರಿ ಇದಕ್ಕ?"

"ಕುದಿಸಿದೆ" ಎಂದೆ.

ಅವನು ನನ್ನನ್ನೂ ವಾಶರನ್ನೂ ನೋಡಿದ. "ಮೂವತ್ತು ವರ್ಷ ಆತು ಈ ಧಂದೆದಾಗ. ಸ್ಟೋವಿನ ಮ್ಯಾಲೆ ಕುದಿಸೋರನ್ನ ನೋಡೇನಿ, ಸ್ಟೋವ್ ಕುದಿಸೋರನ್ನ ಇವತ್ತ ನೋಡಿದೆ."

ತನ್ನ ಚೀಲ ತಡಕಿದ. ವಾಶರುಗಳೆಲ್ಲ ಹಿಂದಿನ ದಿನದ ದೇವರ ಹಿಪ್ಪರಗಿ ಸಂತೆಯಲ್ಲಿ ಖಾಲಿಯಾಗಿದ್ದವು. ಒಳಗೆ ಕೂಸು ಒಮ್ಮೆ ಕುಂಯ್‌ಗುಟ್ಟಿ ಸುಮ್ಮನಾಯಿತು. ಅವನು ತನ್ನ ಚಪ್ಪಲಿ ಕಳಚಿ, ಅದರ ಮೆತ್ತನೆಯ ಪಟ್ಟಿಗೆ ಕತ್ತರಿ ಇಟ್ಟ.

"ಏನದು?" ದೊಡ್ಡವ್ವ ಒಳಗಿನಿಂದ ಕೇಳಿದಳು.

"ಚರ್ಮದ ವಾಶರ್ ಹಾಕಬೇಕ್ರಿ ಅವ್ವಾರ."

"ಸ್ಟೋವಿಗೆ ಚರ್ಮ?"

"ಮೊದಲೂ ಚರ್ಮಾನ ಇತ್ರಿ. ಪಂಪಿನಾಗೂ ಐತಿ."

ಹತ್ತು ದಿನದಿಂದ ಅದೇ ಸ್ಟೋವಿನ ಮೇಲೆ ಅವಳು ಮಡಿಯ ಅನ್ನ ಮಾಡಿಕೊಳ್ಳುತ್ತಿದ್ದಳು. ಹುಸೇನಸಾಬ ಕತ್ತರಿ ಹಿಡಿದು ಕಾದ. ದೊಡ್ಡವ್ವ ಕೂಸಿನ ಪಾದಗಳನ್ನು ತನ್ನ ಕೈಯಲ್ಲಿ ಮುಚ್ಚಿಕೊಂಡು ಅಂದಳು, "ಕತ್ತರಿಸು. ಲಗೂನ ಮಾಡು."

ಕೂಸಿನ ಮೈಗೆ ಹಚ್ಚುವ ಕೊಬ್ಬರಿ ಎಣ್ಣೆಯಲ್ಲಿ ಆ ಪಟ್ಟಿಯ ಚೂರನ್ನು ಅದ್ದಿ ಕೂರಿಸಿ, ಮತ್ತೆ ನೊರೆ ಹಚ್ಚಿದ. ಒಂದೂ ಗುಳ್ಳೆ ಇಲ್ಲ. ಸ್ಟೋವ್ ಹಚ್ಚಿದಾಗ ಬಂದ ಆ ಮೊರೆತ ನನಗೆ ಯಾವ ಚರ್ಚಿನ ಆರ್ಗನ್‌ಗಿಂತಲೂ ಇಂಪಾಗಿ ಕೇಳಿಸಿತು. ಬಿಸಿನೀರಿನ ಚೀಲ ತುಂಬಿ ಕೂಸಿನ ಮಗ್ಗುಲಿಗಿಟ್ಟೆವು. ಅರ್ಧ ತಾಸಿನಲ್ಲಿ ಅದು ಹಾಲಿಗಾಗಿ ಜೋರಾಗಿ ಅತ್ತಿತು. ಅಲ್ಲಿಯವರೆಗೂ ಅವನು ಮೆಟ್ಟಿಲಿನಿಂದ ಎದ್ದಿರಲಿಲ್ಲ.

ಹೊರಡುವಾಗ ಅವನ ಒಂದು ಕಾಲು ಬರಿಗಾಲು. ದೊಡ್ಡವ್ವ ಬಾಗಿಲ ಸಂದಿಯಲ್ಲಿದ್ದ ನಮ್ಮ ಯಜಮಾನರ ಚಪ್ಪಲಿಗಳನ್ನು ಸ್ವತಃ ಕೈಯಿಂದ ಎತ್ತಿ ಅವನ ಮುಂದಿಟ್ಟಳು.

"ದೊಡ್ಡವು ಆಗ್ತಾವ್ರಿ ಅವ್ವಾರ."

"ಆಗಲಿ ಬಿಡು. ಇನ್ನಾ ಬೆಳೀತಿ" ಎಂದಳು.

ನನ್ನ ಬಾಯಿಗೆ ಬಂದದ್ದು "ಥ್ಯಾಂಕ್ ಯೂ ಸೋ ಮಚ್" ಒಂದೇ. ಅವನು ತಲೆ ಆಡಿಸಿ ಮೆಟ್ಟಿಲಿಳಿದ.

ಇನ್ನು ದೊಡ್ಡವ್ವ ಆ ಸ್ಟೋವ್ ಮುಟ್ಟುವುದಿಲ್ಲ, ಮಧ್ಯಾಹ್ನ ಉಪವಾಸವಿರುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳು ಸ್ನಾನ ಮಾಡಿ, ಮಡಿ ಉಟ್ಟು ಬಂದು, ಅದೇ ಉರಿಯ ಮೇಲೆ ತನ್ನ ಅನ್ನಕ್ಕಿಟ್ಟಳು. ನಾನು ನೋಡುತ್ತಿರುವುದು ತಿಳಿದು, ತಿರುಗದೆಯೇ, "ಬಾಗೇವಾಡ್ಯಾಗ ಯಾರ ಮುಂದೂ ಹೇಳಬ್ಯಾಡ" ಎಂದಳು.

ಹೂಂ ಎಂದಿದ್ದೆ. ಇಷ್ಟು ವರ್ಷ ಹೇಳಿರಲಿಲ್ಲ. ಈಗ ಅವಳೂ ಇಲ್ಲ, ಹುಸೇನಸಾಬನೂ ಇಲ್ಲ. ಕೊಟ್ಟ ಮಾತು ಮುರಿದು ಇವತ್ತು ಬರೆದಿದ್ದೇನೆ. ಅವರಿಬ್ಬರ ಋಣ ನನ್ನೊಬ್ಬಳ ಎದೆಯಲ್ಲೇ ಮುಚ್ಚಿಟ್ಟುಕೊಂಡು ಹೋಗುವುದು ನ್ಯಾಯವಲ್ಲ ಅನಿಸಿತು.