ಪಾಸ್ಟರಿಗಾಗಿ ಮೊಣಕಾಲೂರುವ ಟೈಲರಕ್ಕ

ಬೆಳಗ್ಗೆ ಐದೂಕಾಲು. ಟೈಲರಕ್ಕ ಅಂಗಡಿಯ ಷಟರನ್ನು ಸೊಂಟದ ಮಟ್ಟಕ್ಕೆ ಎತ್ತಿ, ಬಗ್ಗಿ ಒಳಗೆ ನುಸುಳುತ್ತಾಳೆ. ಬಟ್ಟೆ ಚೂರು ಗುಡಿಸಿ, ಕತ್ತರಿಸುವ ಮೇಜನ್ನು ಗೋಡೆಗೆ ಒತ್ತರಿಸಿ, ಹಳೆಯ ಬೆಡ್‌ಶೀಟ್ ಹಾಸುತ್ತಾಳೆ. ಅಷ್ಟರಲ್ಲಿ ಇನ್ನು ಮೂವರು ಬರುತ್ತಾರೆ: ಹಾಲಿನ ಬೂತಿನ ಅಜ್ಜಿ, ನಿವೃತ್ತ ನರ್ಸ್, ಟೈಲರಕ್ಕನ ನಾದಿನಿ. ನಾಲ್ವರೂ ಮೊಣಕಾಲೂರುತ್ತಾರೆ. ಮುಂದಿನ ನಲವತ್ತು ನಿಮಿಷ ತಮ್ಮ ಚರ್ಚ್ ಸಭೆಯ ಪಾಸ್ಟರಿಗಾಗಿ ಪ್ರಾರ್ಥನೆ. ವಾರಕ್ಕೆ ಆರು ದಿನ, ಹನ್ನೊಂದು ವರ್ಷದಿಂದ.

ಆಮೇಲೆ ಮೆಷಿನ್. ದಿನಕ್ಕೆ ಹತ್ತು ಹನ್ನೆರಡು ಪ್ಯಾಂಟಿನ ಅಂಚು, ಏಳೆಂಟು ಜಿಪ್ಪು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದು ಇದೇ ಮೆಷಿನ್. ಸಭೆಯ ವಾರ್ಷಿಕೋತ್ಸವದಲ್ಲಿ ಮೈಕ್ ಕಟ್ಟಿದವರ ಹೆಸರನ್ನೂ ಓದುತ್ತಾರೆ. ಈ ನಾಲ್ವರ ಹೆಸರು ಒಮ್ಮೆಯೂ ಬಂದಿಲ್ಲ. ಅದಕ್ಕೆ ಟೈಲರಕ್ಕನಿಗೆ ಸಿಟ್ಟಿಲ್ಲ. ಸಿಟ್ಟು ಬೇರೆಯದಕ್ಕೆ.

"ಸಭೆಯ ಕಮಿಟಿಯವರು ತಿಂಗಳಿಗೊಂದು ಪೇಪರ್ ಕಳಿಸೋರು. ಚರ್ಚ್ ಹಾಲ್‌ನ ಚಾವಣಿಗೆ ಬಣ್ಣ, ಹೊಸ ಕುರ್ಚಿ, ಇವಕ್ಕೆ ಪ್ರಾರ್ಥನೆ ಮಾಡಿ ಅಂತ. ಕೊನೇ ಸಾಲಲ್ಲಿ, ಪಾಸ್ಟರ್‌ಗೆ ಹೆಚ್ಚಿನ ಬಲ. ಒಂಬತ್ತು ವರ್ಷ ಅದೇ ಸಾಲು. ಯಾತಕ್ಕೆ ಬಲ, ಯಾಕೆ ಕಮ್ಮಿಯಾಗಿದೆ, ಒಬ್ಬರೂ ಬಾಯಿ ಬಿಡಲಿಲ್ಲ."

ಎರಡು ವರ್ಷದ ಹಿಂದೆ ಪಾಸ್ಟರ್ ನಾಲ್ಕು ತಿಂಗಳಲ್ಲಿ ಎರಡು ಸಲ ಪ್ಯಾಂಟಿನ ಸೊಂಟ ಸಣ್ಣ ಮಾಡಿಸಲು ಬಂದರು. ಊಟ ಸೇರುತ್ತಿಲ್ಲವೇ ಎಂದು ಈಕೆ ಕೇಳಿದಳು. "ಚೆನ್ನಾಗಿದೀನಿ ಅಕ್ಕ, ದೇವರ ದಯೆ" ಎಂದರು. "ಅಳತೆಪಟ್ಟಿ ಹಿಡಿದವಳ ಹತ್ರಾನೇ ಸುಳ್ಳು," ಎನ್ನುತ್ತಾಳೆ ಟೈಲರಕ್ಕ.

ಅದಾದ ಮೂರನೇ ಭಾನುವಾರ ಪಾಸ್ಟರ್ ಬೈಬಲ್ ಪ್ರಸಂಗದ ಮಧ್ಯೆ ಮಾತು ನಿಲ್ಲಿಸಿದರು. ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡರು. ಮಾರನೇ ದಿನ ಸಭೆಯ ಕಾರ್ಯದರ್ಶಿ ಅಂಗಡಿಯ ಹೊಸ್ತಿಲಲ್ಲೇ ನಿಂತು ಹೇಳಿದರು: "ನೀವು ಸರಿಯಾಗಿ ಪ್ರಾರ್ಥನೆ ಮಾಡಿದ್ರೆ ಹೀಗಾಗ್ತಿತ್ತಾ?"

ಮೈ ಉರಿಯದೆ ಇನ್ನೇನು? ಒಬ್ಬ ಮನುಷ್ಯನಿಂದ ವಾರಕ್ಕೆ ಒಂಬತ್ತು ಕೂಟ ನಡೆಸಿಕೊಂಡು, ರಜೆ ಕೇಳಿದಾಗ ಮುಖ ತಿರುಗಿಸಿ, ಆತ ಕುಸಿದ ಮೇಲೆ ತಪ್ಪನ್ನು ನಾಲ್ಕು ಹೆಂಗಸರ ತಲೆಗೆ ಕಟ್ಟುವುದು ಯಾವ ನ್ಯಾಯ?

ಟೈಲರಕ್ಕ ಕತ್ತರಿ ಕೆಳಗಿಟ್ಟವಳೇ ಪಾಸ್ಟರ್ ಮನೆಗೆ ನಡೆದಳು. ಅವರ ಹೆಂಡತಿ ಪಾಸ್ಟರಮ್ಮ ಅಡುಗೆಮನೆಯಲ್ಲಿದ್ದರು. "ಚಾವಣಿಗೆ ಪ್ರಾರ್ಥನೆ ಮಾಡಿಸಿದ್ರಿ. ಇಲ್ಲಿ ಮನುಷ್ಯ ಕರಗ್ತಿದ್ದಾರೆ ಅಂತ ಯಾಕಮ್ಮ ಹೇಳಲಿಲ್ಲ?"

ಪಾಸ್ಟರಮ್ಮ ಒಲೆ ಆರಿಸಿದರು. "ಒಂದ್ಸಲ ಹೇಳಿದ್ದೆ ಅಕ್ಕ. ಮಗಳು ಗಂಡನ ಮನೆ ಬಿಟ್ಟು ಬಂದಾಗ. ನಿಮ್ಮೊಬ್ಬರಿಗೇ ಹೇಳಿದ್ದು. ಭಾನುವಾರದ ಹೊತ್ತಿಗೆ ಬೀದಿಗೆಲ್ಲ ಗೊತ್ತಿತ್ತು."

ಟೈಲರಕ್ಕನಿಗೆ ನೆನಪಾಯಿತು. ಬಟ್ಟೆ ಕೊಡಲು ಬಂದ ಇಬ್ಬರಿಗೆ, ಪಾಪ, ಆ ಹುಡುಗಿಗಾಗಿ ಪ್ರಾರ್ಥನೆ ಮಾಡಿ ಎಂದಿದ್ದಳು. "ಜಗಳಕ್ಕೆ ಹೋದವಳು ಅಲ್ಲೇ ಕುಕ್ಕರಿಸಿದೆ. ಪ್ರಾರ್ಥನೆ ಅಂತ ಹೆಸರಿಟ್ಟು ಚಾಡಿ ಹೇಳಿದ್ದೆ ನಾನು."

ಒಳಕೋಣೆಯಲ್ಲಿದ್ದ ಮಗಳ ಮುಂದೆ ಹೋಗಿ ಕ್ಷಮೆ ಕೇಳಿದಳು. ಮಗಳು, "ಇನ್ನೊಬ್ಬರಿಗೆ ಹೀಗೆ ಮಾಡಬೇಡಿ ಆಂಟಿ" ಎಂದಷ್ಟೇ ಹೇಳಿದಳು. ಆಗ ಪಾಸ್ಟರ್ ಬಾಗಿಲಿಗೆ ಬಂದು ನಿಂತರು. ಆರು ತಿಂಗಳಿಂದ ನಿದ್ದೆಯಿಲ್ಲ, ಬೈಬಲ್ ತೆರೆದರೆ ಅಕ್ಷರ ನಿಲ್ಲುತ್ತಿಲ್ಲ ಎಂದರು.

ನರ್ಸ್ ಮರುದಿನವೇ ಅವರನ್ನು ಡಾಕ್ಟರ ಬಳಿ ಕರೆದೊಯ್ದಳು. ಮೂರು ತಿಂಗಳ ವಿಶ್ರಾಂತಿ ಬೇಕೆಂದರು ಡಾಕ್ಟರು. ಕಮಿಟಿ ಮೀನಮೇಷ ಎಣಿಸಿತು. ನಾಲ್ವರೂ ಮೀಟಿಂಗಿಗೆ ಹೋಗಿ ಕೂತರು. "ರಜೆ ಬರೆದುಕೊಡಿ, ಎದ್ದು ಹೋಗ್ತೀವಿ" ಎಂದಳು ಹಾಲಿನ ಬೂತಿನ ಅಜ್ಜಿ. ಕೊನೆಗೆ ಬರೆದುಕೊಟ್ಟರು.

ಈಗ ಪ್ರತಿ ಗುರುವಾರ ಪಾಸ್ಟರ್ ದಂಪತಿ ಈ ಅಂಗಡಿಗೆ ಬರುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಯಾರೂ ಬರೆದುಕೊಳ್ಳುವುದಿಲ್ಲ. "'ದೇವರು ನನಗೆ ತಿಳಿಸಿದ್ರು, ನೀವು ಹೀಗೇ ಮಾಡಿ' ಅಂತ ನಾವೂ ಅವರ ತಲೆ ಮೇಲೆ ಕೂರಲ್ಲ," ಎನ್ನುತ್ತಾಳೆ ಟೈಲರಕ್ಕ. ಮೊದಲ ಗುರುವಾರ ಪಾಸ್ಟರ್, "ನಿಮಗೇನು ಕಷ್ಟ ಅಕ್ಕ?" ಎಂದು ಕೇಳಿದರು. ಒಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಬಲಗಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂದಳು. ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿಂದ ಕಾದು ಕೂತವರು ಪಾಸ್ಟರೇ.

ಕಮಿಟಿಯ ಪೇಪರ್ ಇಂದಿಗೂ ಬರುತ್ತದೆ. ಕಾರ್ಯದರ್ಶಿ ತನ್ನ ಮಾತಿಗೆ ಇಂದಿಗೂ ತಪ್ಪಾಯಿತು ಎಂದಿಲ್ಲ. "ಕಮಿಟಿಯವರಲ್ಲಿ ಒಬ್ಬರಾದರೂ ಒಂದು ಗುರುವಾರ ಬಂದು ನೆಲದ ಮೇಲೆ ಕೂರಲಿ. ಅಷ್ಟೇ ನನ್ನ ಆಸೆ," ಎನ್ನುತ್ತಾಳೆ ಟೈಲರಕ್ಕ.

ಕಳೆದ ಗುರುವಾರ ಪಾಸ್ಟರ್ ಏನು ಹೇಳಿಕೊಂಡರು ಎಂದು ಕೇಳಿದರೆ ಟೈಲರಕ್ಕ ದಾರ ಕಚ್ಚಿ ತುಂಡರಿಸುತ್ತಾಳೆ.

"ಬೇರೆ ಏನಾದರೂ ಕೇಳಿ. ಅದೊಂದರಲ್ಲಿ ನಾನೀಗ ಗಟ್ಟಿ."